ಕರಾವಳಿಯಲ್ಲಿ ಮನೆ ಹುಡುಕುವ ಬಯಲುಸೀಮೆಯವರಿಗೆ: ಯಾವುದನ್ನು ಮೊದಲು ನೋಡಬೇಕು?

ನಿವೃತ್ತಿಯ ಹಣ ಕೈಗೆ ಬಂದ ವರ್ಷವೇ ತುಮಕೂರು, ತಿಪಟೂರು, ಕುಣಿಗಲ್ಲಿನಿಂದ ಕಾರು ಹತ್ತಿ ಕಡಲ ಕಡೆ ಹೊರಟವರನ್ನು ನಾನು ತುಂಬ ನೋಡಿದ್ದೇನೆ. ಹೋಗುವುದು ಡಿಸೆಂಬರ್‌ನಲ್ಲಿ. ಮನೆ ನೋಡುವುದು ಸಂಜೆಯ ಹೊತ್ತಿನಲ್ಲಿ. ಅಡ್ವಾನ್ಸ್ ಕೊಡುವುದು ಮರುದಿನ ಬೆಳಿಗ್ಗೆ. ಆಮೇಲೆ ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಜುಲೈನಲ್ಲಿ ಅಂಗಳಕ್ಕೆ ನೆರೆ ಬರುತ್ತದೆ, ಖಾತೆಗೆ ಹೋದರೆ ಮನೆಯ ಅರ್ಧ ಭಾಗ ದಾಖಲೆಯಲ್ಲೇ ಇಲ್ಲ ಎನ್ನುತ್ತಾರೆ. ನಾನೂ ಒಮ್ಮೆ ಹೀಗೆಯೇ 2 ಲಕ್ಷ ರೂಪಾಯಿ ಕಳೆದುಕೊಂಡೆ.

ಇವರಲ್ಲಿ ಯಾರೂ ದಡ್ಡರಲ್ಲ. ನೋಡುವ ಕ್ರಮ ತಪ್ಪಿತ್ತು, ಅಷ್ಟೇ. ಎಲ್ಲರೂ ಮೊದಲು ಕಡಲು ನೋಡಿದರು, ಆಮೇಲೆ ಮನೆ, ಆಮೇಲೆ ಕಾಗದಪತ್ರ. ಆಸ್ಪತ್ರೆಯ ನೆನಪು ಬಂದದ್ದು ಕಾಯಿಲೆ ಬಿದ್ದ ದಿನ. ಕೆಳಗಿನ ಹಂತಗಳು ಇದಕ್ಕೆ ತಿರುಗುಮುರುಗಾಗಿವೆ. ಹಂತ ದಾಟದೆ ಮುಂದಿನದಕ್ಕೆ ಹೋಗಬೇಡಿ. ಒಂದು ಹಂತದಲ್ಲಿ ಬಿದ್ದ ಮನೆಯನ್ನು ಅಲ್ಲೇ ಬಿಟ್ಟುಬಿಡಿ.

## ಹೊರಡುವ ಮುನ್ನ ಜೊತೆಗಿರಲಿ

ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಾಕಿದ ಫೋನು, ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವೇ ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್, ಟೇಪು, ಟಾರ್ಚು, ಸಣ್ಣ ಸುತ್ತಿಗೆ, ನೀರು ತುಂಬಿಸಿಕೊಳ್ಳಲು ಒಂದು ಲೀಟರಿನ ಎರಡು ತೊಳೆದ ಬಾಟಲಿ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಗುರುತಿಸಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ. ಇವೆಲ್ಲಕ್ಕಿಂತ ಮುಖ್ಯವಾಗಿ ಎರಡು ಭೇಟಿಗೆ ಸಮಯ ತೆಗೆದಿಡಿ: ಒಂದು ಮೇ ತಿಂಗಳಲ್ಲಿ, ಇನ್ನೊಂದು ಜುಲೈನಲ್ಲಿ. ಚಳಿಗಾಲದ ಭೇಟಿಯಿಂದ ಏನೂ ಗೊತ್ತಾಗುವುದಿಲ್ಲ.

## 1ನೇ ಹಂತ: ಆಸ್ಪತ್ರೆಯ ಸುತ್ತ ಗೆರೆ ಎಳೆಯಿರಿ

ತುಮಕೂರಿನಲ್ಲಿರುವ ನಮಗೆ ಒಂದು ಧೈರ್ಯ ರೂಢಿಯಾಗಿದೆ. ಎದೆನೋವು ಬಂದರೆ 70 ಕಿಲೋಮೀಟರ್ ಆಚೆ ಬೆಂಗಳೂರಿದೆ, ನಾಲ್ಕು ಪಥದ ರಸ್ತೆಯಿದೆ. ಕರಾವಳಿ ಉದ್ದಕ್ಕೆ ಹಬ್ಬಿದ ಸೀಮೆ, ಸುಮಾರು 320 ಕಿಲೋಮೀಟರ್. ಅಲ್ಲಿ ದೊಡ್ಡ ಆಸ್ಪತ್ರೆಗಳು ಎರಡೇ ಕಡೆ ಒತ್ತಾಗಿವೆ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್, ಫಾದರ್ ಮುಲ್ಲರ್, ಕೆಎಂಸಿ, ಎ.ಜೆ.; ಪಕ್ಕದ ದೇರಳಕಟ್ಟೆಯಲ್ಲಿ ಕೆ.ಎಸ್. ಹೆಗ್ಡೆ ಮತ್ತು ಯೇನೆಪೋಯ. ಉತ್ತರ ಕನ್ನಡದಲ್ಲಿ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೂ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದಾರೆ. ಅಲ್ಲಿಂದ ಗಂಭೀರ ರೋಗಿಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಒಯ್ಯುತ್ತಾರೆ.

ಮಣಿಪಾಲದಿಂದ ಮಲ್ಪೆ ಸುಮಾರು 10 ಕಿಲೋಮೀಟರ್, ಕುಂದಾಪುರ 40ರ ಆಸುಪಾಸು, ಭಟ್ಕಳ 90ರ ಹತ್ತಿರ, ಹೊನ್ನಾವರ ಅದಕ್ಕೂ ಆಚೆ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಅಮೂಲ್ಯ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಈ ಎರಡು ಲೆಕ್ಕವನ್ನು ನಕ್ಷೆಯ ಮೇಲೆ ಇಟ್ಟು ನೋಡಿ. ಮನೆಯ ಗೇಟಿನಿಂದ ಅಂಥ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ 45 ನಿಮಿಷ ಎಂಬುದು ನಾನು ಹಾಕಿಕೊಂಡ ಗಡಿ. ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುವುದಾದರೆ ಮಂಗಳೂರಿನಿಂದ ಕುಂದಾಪುರದವರೆಗಿನ ಪಟ್ಟಿಯಲ್ಲೇ ಹುಡುಕಿ. ಗೋಕರ್ಣ, ಕುಮಟಾ, ಹೊನ್ನಾವರದ ಕಡಲು ಮನಸ್ಸು ಸೆಳೆಯುತ್ತದೆ, ನಿಜ. ಆ ಸೆಳೆತಕ್ಕೆ ಬಿದ್ದವರು ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಆಂಬುಲೆನ್ಸ್ ಜೊತೆ ಓಡಿದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಗಡಿಯಾರ ಹಿಡಿದು ಶನಿವಾರ ಸಂಜೆ ಆರಕ್ಕೆ ಗಾಡಿ ಓಡಿಸಿ. ದಾರಿಯಲ್ಲಿ ರೈಲ್ವೆ ಗೇಟ್ ಇದೆಯೇ, ಊರಿಗೆ ಒಂದೇ ಸೇತುವೆಯೇ ಎಂದು ಬರೆದುಕೊಳ್ಳಿ. ಆಸ್ಪತ್ರೆಗೆ ಹೋಗಿ ಮೂರೇ ಪ್ರಶ್ನೆ ಕೇಳಿ: ಹೃದಯದ ರಕ್ತನಾಳದ ತಡೆ ತೆಗೆಯುವ ಕ್ಯಾತ್ ಲ್ಯಾಬ್ ರಾತ್ರಿಯಲ್ಲೂ ನಡೆಯುತ್ತದೆಯೇ, ರಾತ್ರಿ ಸಿಟಿ ಸ್ಕ್ಯಾನ್ ಇದೆಯೇ, ನಮ್ಮ ವಿಮೆ ಇಲ್ಲಿ ನಡೆಯುತ್ತದೆಯೇ. ಹತ್ತಿರದ ಸಣ್ಣ ಆಸ್ಪತ್ರೆಯ ಬೋರ್ಡಿನಲ್ಲಿ ಹೃದಯ ತಜ್ಞರ ಹೆಸರಿದ್ದರೆ ಅವರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ವಿಚಾರಿಸಿ. ಬೋರ್ಡಿನಲ್ಲಿ ಹೆಸರಿದ್ದ ಮಾತ್ರಕ್ಕೆ ವೈದ್ಯರು ಅಲ್ಲೇ ಇರುತ್ತಾರೆ ಎಂದುಕೊಳ್ಳಬೇಡಿ.

## 2ನೇ ಹಂತ: ಘಟ್ಟದ ದಾರಿ ಎರಡಿರಲಿ

ಮಕ್ಕಳು ಬೆಂಗಳೂರಿನಲ್ಲಿ, ತೋಟ ತುಮಕೂರಿನಲ್ಲಿ ಎಂದಾದರೆ ಘಟ್ಟ ಇಳಿದು ಹತ್ತುವುದು ನಿಮ್ಮ ಬದುಕಿನ ಭಾಗವಾಗುತ್ತದೆ. ಹಾಸನ, ಸಕಲೇಶಪುರದ ಮೇಲಿನ ಶಿರಾಡಿ ಘಾಟಿ ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುವುದು ಹೊಸದೇನಲ್ಲ. ತುಮಕೂರಿನಿಂದಲೇ ಹೊರಡುವ ಹಳೆಯ ರಾಷ್ಟ್ರೀಯ ಹೆದ್ದಾರಿ 206 ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರ ಸೇರುತ್ತದೆ. ಆಗುಂಬೆಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲವಾದ್ದರಿಂದ ಮನೆ ಸಾಮಾನು ಸಾಗಿಸುವಾಗ ಆ ದಾರಿಯನ್ನು ನಂಬಬೇಡಿ. ಒಂದು ಘಾಟಿ ಮುಚ್ಚಿದರೆ ಇನ್ನೊಂದರಿಂದ ಹೇಗೆ ಬರುತ್ತೀರಿ ಎಂದು ಮೊದಲೇ ಯೋಚಿಸಿ. ಕುಣಿಗಲ್ ಮೇಲೆ ಹಾಸನ, ಮಂಗಳೂರಿಗೆ ಹೋಗುವ ರೈಲು ಮಾರ್ಗವೂ ಇದೇ ಪಶ್ಚಿಮ ಘಟ್ಟ ದಾಟಬೇಕು, ಅದಕ್ಕೂ ಮಳೆಯ ತೊಂದರೆ ಉಂಟು.

ಎಚ್ಚರಿಕೆ: ಕಡಿದ ಗುಡ್ಡದ ಬುಡದ ಮನೆ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನೇ ಮುಚ್ಚಿತು, ಜೀವಗಳು ಹೋದವು. ಹಿತ್ತಿಲಿನಲ್ಲಿ ನೆಟ್ಟಗೆ ಕಡಿದ ಕೆಂಪು ಮಣ್ಣಿನ ಗೋಡೆ, ಅದರಿಂದ ಒಸರುವ ನೀರು, ಓರೆಯಾದ ಮರ ಕಂಡರೆ ಗಾಡಿಯಿಂದ ಇಳಿಯುವುದೇ ಬೇಡ.

## 3ನೇ ಹಂತ: ಕಡಲಿಂದ ಎಷ್ಟು ದೂರ, ಹೊಳೆಯಿಂದ ಎಷ್ಟು ದೂರ

ಅತಿ ಹೆಚ್ಚು ಹಣ ಮುಳುಗುವುದು ಇಲ್ಲಿ. ಕರಾವಳಿ ನಿಯಂತ್ರಣ ವಲಯ ಎಂಬ ಕೇಂದ್ರದ ನಿಯಮವಿದೆ, ಎಲ್ಲರೂ ಸಿಆರ್‌ಝಡ್ ಎನ್ನುತ್ತಾರೆ. 2019ರ ಜನವರಿಯ ಅಧಿಸೂಚನೆಯ ಪ್ರಕಾರ ಹಳ್ಳಿಗಾಡಿನ ಕರಾವಳಿ ಎರಡು ಬಗೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ ಉಬ್ಬರದ ಗೆರೆಯಿಂದ (ಉಬ್ಬರದ ನೀರು ಮುಟ್ಟುವ ಅಂಚು) 50 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದಕ್ಕಿಂತ ಕಡಿಮೆ ಜನ ಇರುವ ಕಡೆ ಆ ಅಂತರ 200 ಮೀಟರ್. ನಾವು ಇಷ್ಟಪಡುವ ಶಾಂತ ಹಳ್ಳಿಗಳು ಹೆಚ್ಚಾಗಿ ಎರಡನೆಯ ಬಗೆಗೇ ಸೇರುತ್ತವೆ. ಪಟ್ಟಣದ ಮಿತಿಯಲ್ಲಾದರೆ, ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳಿಂದ ಒಳನಾಡಿನ ಕಡೆಗೆ ಮಾತ್ರ ಕಟ್ಟಬಹುದು.

ಕಡಲನ್ನಷ್ಟೇ ಅಳೆದು ಸುಮ್ಮನಾಗುವುದು ಸಾಮಾನ್ಯ ತಪ್ಪು. ಉಪ್ಪು ನೀರು ಏರಿ ಬರುವ ಹೊಳೆಗೂ ಇದೇ ನಿಯಮ ಅನ್ವಯಿಸುತ್ತದೆ: ದಡದ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಹೊಳೆ ಎಲ್ಲಿಯವರೆಗೆ ಕಡಲಿನ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಕಡು ಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ ಎಂದು ಗುರುತಿಸಿದ್ದಾರೆ. ಕಣ್ಣಿಗೆ ಕಡಲೇ ಕಾಣದ ಊರಿನಲ್ಲೂ ಈ ಗೆರೆ ನಿಮ್ಮ ಅಡುಗೆಮನೆಯ ಮೇಲೆ ಹಾದುಹೋಗಬಹುದು.

ನನಗಾದದ್ದು ಅದೇ. ಹೊಳೆದಡದ ಮನೆ, ಎದುರಿಗೆ ತೆಂಗು, ದಡದಿಂದ 30 ಮೀಟರ್. ಹಿಂದಿನ ಎರಡು ಕೋಣೆ ಹಳೆಯವು, ದಾಖಲೆ ಸರಿಯಿತ್ತು. ಹೊಳೆಯ ಕಡೆಗಿನ ಹಜಾರ, ಮಹಡಿ ಅನುಮತಿ ಇಲ್ಲದೆ ಕಟ್ಟಿದ್ದು. ಮಾರುವವರು ಆ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಾಗುವ ಹೊತ್ತಿಗೆ ಅಡ್ವಾನ್ಸ್ ಕೈದಾಟಿತ್ತು.

ಹಾಗಾಗಿ ಹೀಗೆ ಮಾಡಿ. ಅಂಗಳದಲ್ಲಿ ನಿಂತು ದಿಶಾಂಕ್ ತೆರೆಯಿರಿ. ಅದು ತೋರಿಸುವ ಸರ್ವೆ ನಂಬರ್ ಪಹಣಿಯ ನಂಬರಿಗೆ ಹೊಂದಬೇಕು. ಆ ನಂಬರ್ ಹಿಡಿದು ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಹೋಗಿ, ಜಾಗ ಯಾವ ವಲಯದಲ್ಲಿದೆ ಎಂದು ಬರಹದಲ್ಲಿ ಕೇಳಿ. ಬ್ರೋಕರ್ ಬಾಯಿಮಾತಿನಲ್ಲಿ ‘ಎಲ್ಲ ಕ್ಲಿಯರ್ ಉಂಟು’ ಎಂದರೆ ಅದಕ್ಕೆ ಬೆಲೆಯಿಲ್ಲ. ಮೀನುಗಾರ ಕುಟುಂಬಗಳಿಗೆ ಇರುವ ವಿನಾಯಿತಿಯಲ್ಲಿ ಎದ್ದ ಮನೆಯನ್ನು ಹೊರಗಿನವರು ಕೊಂಡು ಮಹಡಿ ಏರಿಸಬಹುದು ಎಂಬ ಮಾತನ್ನೂ ನಂಬಬೇಡಿ.

ಕಾನೂನು ಒಪ್ಪಿದರೂ ಕಡಲು ಒಪ್ಪಬೇಕಲ್ಲ. ಉಳ್ಳಾಲ, ಸೋಮೇಶ್ವರ ಭಾಗದಲ್ಲಿ ಕಡಲ್ಕೊರೆತ ಮನೆಗಳನ್ನೇ ನುಂಗಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಮೂರೂ ಜಿಲ್ಲೆಗಳ ದಡವನ್ನು ಕೆತ್ತಿತು. ಬೇರು ಹೊರಬಿದ್ದ ತೆಂಗಿನ ಮರ, ಅರ್ಧಕ್ಕೆ ಮುರಿದು ನಿಂತ ಡಾಂಬರು ರಸ್ತೆ, ದಡಕ್ಕೆ ಸುರಿದ ಕರಿಬಂಡೆಯ ಸಾಲು ಅಪಾಯದ ಗುರುತುಗಳು. ತಡೆಗೋಡೆ ಇದೆ ಎಂದು ನೆಮ್ಮದಿ ಪಡಬೇಡಿ. ಗೋಡೆ ಮುಗಿಯುವಲ್ಲಿ ಅಲೆಯ ಹೊಡೆತ ಪಕ್ಕದ ಮರಳಿಗೆ ತಿರುಗುತ್ತದೆ, ಕೊರೆತ ಅಲ್ಲಿ ಜಾಸ್ತಿ. ಊರಿನ ಹಿರಿಯರನ್ನು ಕೇಳಿ: ‘ಇಪ್ಪತ್ತು ವರ್ಷದ ಹಿಂದೆ ನೀರು ಎಲ್ಲಿತ್ತು?’ ಅವರು ಬೆರಳು ತೋರಿಸುವ ಜಾಗ ಈಗ ಕಡಲೊಳಗಿದ್ದರೆ ವಾಪಸ್ ಬನ್ನಿ.

ನನ್ನ ಸಲಹೆ ಇಷ್ಟು: ಕಡಲಿಂದ ಅರ್ಧದಿಂದ ಒಂದೂವರೆ ಕಿಲೋಮೀಟರ್ ಒಳಗೆ, ಸ್ವಲ್ಪ ಎತ್ತರದ ಜಾಗ. ನಡೆದು ಹೋದರೆ ಹತ್ತು ಇಪ್ಪತ್ತು ನಿಮಿಷಕ್ಕೆ ಮರಳು ಸಿಗುತ್ತದೆ. ಮರಳ ಮೇಲೆಯೇ ಮನೆ ಬೇಕೆಂಬ ಹಟ ಬಿಟ್ಟರೆ ಬೆಲೆಯೂ ಇಳಿಯುತ್ತದೆ.

## 4ನೇ ಹಂತ: ಬಾವಿ ನೀರು ಮೇ ತಿಂಗಳಲ್ಲಿ ಕುಡಿದು ನೋಡಿ

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ನೀರು ಎಂದರೆ ಆಳ. ಸಾವಿರ ಅಡಿ ಕೊರೆದು ಸಿಗದಿದ್ದರೆ ಇನ್ನೂ ಇನ್ನೂರು ಅಡಿ ಕೊರೆಸುವುದು ನಮಗೆ ಗೊತ್ತು. ಆ ಬುದ್ಧಿ ಕಡಲ ದಂಡೆಯಲ್ಲಿ ಕೈಕೊಡುತ್ತದೆ. ಅಲ್ಲಿ ಮಳೆಯ ಸಿಹಿನೀರು ಮರಳಿನೊಳಗಿನ ಉಪ್ಪುನೀರಿನ ಮೇಲೆ ತೆಪ್ಪದಂತೆ ತೇಲುತ್ತಿರುತ್ತದೆ. ಲೆಕ್ಕ ಸರಳ: ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿ ಇರುತ್ತದೆ. ಪಂಪು ಹಾಕಿ ಆ ಒಂದು ಅಡಿ ಎಳೆದರೆ ಕೆಳಗಿನ ಉಪ್ಪು ಹೆಚ್ಚುಕಡಿಮೆ ನಲವತ್ತು ಅಡಿ ಮೇಲೇಳುತ್ತದೆ. ದಂಡೆಯ ಹತ್ತಿರ ಆಳದ ಬೋರ್‌ವೆಲ್ ಕೊರೆಸುವುದೆಂದರೆ ಉಪ್ಪನ್ನು ನಾವೇ ಕರೆತಂದ ಹಾಗೆ. ಅಲ್ಲಿಗೆ ಆಳವಿಲ್ಲದ, ಅಗಲದ ತೆರೆದ ಬಾವಿಯೇ ಒಳ್ಳೆಯದು.

ತುಮಕೂರಿನಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ. ಉಡುಪಿ, ಮಂಗಳೂರಿನಲ್ಲಿ 3,500 ಮಿಲಿಮೀಟರ್ ದಾಟುತ್ತದೆ. ಅಷ್ಟು ಮಳೆ ಬರುವ ಊರಲ್ಲಿ ನೀರಿಗೇನು ಬರ ಎನಿಸುತ್ತದೆ. ಆ ಮಳೆಯೆಲ್ಲ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಕಡಲು ಸೇರುತ್ತದೆ. ಏಪ್ರಿಲ್, ಮೇನಲ್ಲಿ ಟ್ಯಾಂಕರ್ ಕಾಯುವ ಓಣಿಗಳು ಅಲ್ಲೂ ಇವೆ.

ಪರೀಕ್ಷೆ ಹೀಗಿರಲಿ. ಬಾವಿಗೆ ಅರ್ಧ ಗಂಟೆ ಪಂಪು ಓಡಿಸಿದ ಮೇಲೆ ನೀರು ಹಿಡಿದು ಟಿಡಿಎಸ್ ಮೀಟರ್ ಅದ್ದಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು ಎನ್ನುತ್ತದೆ. ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತದೆ. ಅಂಕೆ ಎಷ್ಟೇ ಬರಲಿ, ಎರಡು ಬಾಟಲಿ ಲ್ಯಾಬಿಗೆ ಕೊಟ್ಟು ಕ್ಲೋರೈಡ್ ಕೂಡ ನೋಡಿಸಿ; ಅದು 250 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ಪಕ್ಕದ ಮನೆಯವರ ಬಾವಿಯನ್ನೂ ಕೇಳಿ, ಒಂದೇ ನೀರಿನ ಮೇಲೆ ಎಲ್ಲರೂ ಕೂತಿರುತ್ತಾರೆ. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ. ಸಣ್ಣ ಸೈಟುಗಳಲ್ಲಿ ನಿಮ್ಮ ಗುಂಡಿ ದೂರವಿದ್ದರೂ ಪಕ್ಕದವರದ್ದು ನಿಮ್ಮ ಬಾವಿಗೆ ಒತ್ತಿಕೊಂಡಿರುತ್ತದೆ.

## 5ನೇ ಹಂತ: ದೋಣಿಯ ಆಸೆ ಇದ್ದರೆ ಇಳಿತದ ಹೊತ್ತಿಗೆ ಹೋಗಿ

ಕಡಲಿಗೆ ಮುಖ ಮಾಡಿದ ಮನೆಯಿಂದ ದೋಣಿ ಇಳಿಸುವುದು ನುರಿತ ಮೀನುಗಾರರ ಕೆಲಸ. ನಮ್ಮಂಥವರು ಹೊಳೆಯ ಕಡೆ ನೋಡಬೇಕು: ಹೊನ್ನಾವರದ ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಕೆಮ್ಮಣ್ಣು ಮತ್ತು ಕೋಡಿ ಬೆಂಗ್ರೆಯ ಹಿನ್ನೀರು, ಕಾರವಾರದ ಕಾಳಿ.

ಮಾರಾಟದ ಫೋಟೊಗಳಲ್ಲಿ ದೋಣಿ ಮೆಟ್ಟಿಲಿಗೆ ತಾಗಿ ನಿಂತಿರುತ್ತದೆ, ಏಕೆಂದರೆ ಅದು ಉಬ್ಬರದ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಇಳಿತ ಜೋರಾಗಿರುತ್ತದೆ. ಆ ದಿನ, ಆ ಹೊತ್ತಿಗೆ ಹೋಗಿ ನಿಂತರೆ ಅದೇ ಮೆಟ್ಟಿಲಿನ ಕೆಳಗೆ ಕೆಸರು ಕಾಣಬಹುದು. ಕೆಸರಿನಲ್ಲಿ ಕೂತ ದೋಣಿ ಮುಂದಿನ ಉಬ್ಬರದವರೆಗೆ ಅಲುಗುವುದಿಲ್ಲ. ಅದೇ ದಿನ ಉಬ್ಬರದ ಹೊತ್ತಿಗೂ ನಿಂತು ನೀರು ಯಾವ ಮೆಟ್ಟಿಲು ಮುಟ್ಟಿತು ಎಂದು ಗುರುತಿಸಿ, ಅದರ ಮೇಲೆ ಮಳೆಗಾಲದ ನೆರೆಯನ್ನು ಕೂಡಿಸಿ ಯೋಚಿಸಿ.

ಅಳಿವೆ ದಾಟುವ ಆಸೆ ಬೇಡ. ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಬಲ್ಲವರ ದೋಣಿಗಳೇ ಅಲ್ಲಿ ಮಗುಚಿವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಮಳೆಗಾಲದಲ್ಲಿ ನಿಲ್ಲುತ್ತದೆ. ಮೀನುಗಾರಿಕೆ ದಕ್ಕೆಯಲ್ಲಿ (ದೋಣಿ ಕಟ್ಟುವ ಕಟ್ಟೆ) ಜಾಗ ಮೀನುಗಾರರ ಹೊಟ್ಟೆಪಾಡಿನದು, ಅಲ್ಲಿ ದೋಣಿ ಕಟ್ಟಲು ಹೋಗಬೇಡಿ. ಸ್ವಂತ ದಕ್ಕೆ ಕಟ್ಟಲು ಸಿಆರ್‌ಝಡ್ ಅನುಮತಿ ಬೇಕು. ದೋಣಿಯ ನೋಂದಣಿಗೆ ಬಂದರು ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

## 6ನೇ ಹಂತ: ಗೋಡೆಗೆ ಸುತ್ತಿಗೆ ತಟ್ಟಿ

ಕಡಲಗಾಳಿಯ ಉಪ್ಪು ಕಾಂಕ್ರೀಟಿನೊಳಗಿನ ಕಂಬಿಯನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಭಾರತೀಯ ಮಾನಕದ ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದ್ದಿರಬೇಕು, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು. ನಮ್ಮೂರಿನ ಮೇಸ್ತ್ರಿ ಕಟ್ಟುವ ಅಳತೆ ಅಲ್ಲಿಗೆ ಸಾಲದು.

ತಾರಸಿಯ ಕೆಳಭಾಗಕ್ಕೆ ಟಾರ್ಚ್ ಬಿಡಿ. ತೊಲೆಯ ಉದ್ದಕ್ಕೂ ಕಂದು ಗೆರೆ, ಸಿಮೆಂಟು ಉದುರಿದ ಕಲೆ, ಸುತ್ತಿಗೆ ತಟ್ಟಿದಾಗ ಟೊಳ್ಳು ಸದ್ದು, ಇವು ಮೂರೂ ಒಟ್ಟಿಗೆ ಇದ್ದರೆ ಆ ಮನೆ ಬೇಡ. ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ನೆರೆಯ ಗುರುತು ಮುಚ್ಚಿದ್ದಾರೆಯೇ ಎಂದು ಅಕ್ಕಪಕ್ಕ ಕೇಳಿ. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೆಯ ಮನೆ ಸಿಕ್ಕರೆ ಪಕ್ಕಾಸುಗಳಿಗೆ (ಹಂಚು ಹೊರುವ ಮರದ ಪಟ್ಟಿ) ಗೆದ್ದಲು ಹಿಡಿದಿದೆಯೇ ನೋಡಿ. ಅದೊಂದು ಸರಿಯಿದ್ದರೆ ಹತ್ತು ವರ್ಷದ ಆರ್‌ಸಿಸಿ ಮನೆಗಿಂತ ಅದನ್ನೇ ನಾನು ನೆಚ್ಚುತ್ತೇನೆ.

## 7ನೇ ಹಂತ: ಕಾಗದಪತ್ರದಲ್ಲಿ ನಮಗೆ ಗೊತ್ತಿಲ್ಲದ ಪದಗಳು

ಮೊದಲು ಅಳತೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಸೆಂಟ್ಸ್ ಲೆಕ್ಕ, ಉತ್ತರ ಕನ್ನಡದಲ್ಲಿ ನಮ್ಮಂತೆ ಗುಂಟೆ. ಒಂದು ಎಕರೆಗೆ 100 ಸೆಂಟ್ಸ್, ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಸೆಂಟ್ಸ್ 435.6 ಚದರ ಅಡಿ. ‘10 ಸೆಂಟ್ಸ್’ ಎಂದಾಗ ಹತ್ತು ಗುಂಟೆ ಎಂದುಕೊಂಡು ಬೆಲೆ ಅಗ್ಗ ಎಂದವರಿದ್ದಾರೆ. ಅದು ನಾಲ್ಕೇ ಗುಂಟೆ.

ಇನ್ನು ಕುಮ್ಕಿ. ವರ್ಗ ಜಮೀನಿಗೆ (ಮಾಲೀಕರ ಸ್ವಂತ ಪಟ್ಟಾ ನೆಲ) ತಾಗಿದ, ಸೊಪ್ಪು ಸೌದೆಗೆ ಬಳಸುವ ಸವಲತ್ತಿರುವ ಸರ್ಕಾರಿ ಜಾಗವದು. ಬೇಲಿಯೊಳಗೆ 20 ಸೆಂಟ್ಸ್ ಕಾಣುತ್ತದೆ, ವರ್ಗದ ಲೆಕ್ಕದಲ್ಲಿ 12 ಮಾತ್ರ ಇರುತ್ತದೆ. ಮಿಕ್ಕದ್ದನ್ನು ಮಾರುವ ಹಕ್ಕು ಅವರಿಗಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟವೂ ಹೀಗೆಯೇ. ಗಜನಿ ಎಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮನೆಗೆ ಆ ನೆಲ ಬೇಡ.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೆಯದರಲ್ಲಿ ಹಕ್ಕು ಮತ್ತು ಋಣ ಓದಿ. ‘ಮೂಲಗೇಣಿ’ ಎಂಬ ಪದ ಎಲ್ಲಿಯಾದರೂ ಕಂಡರೆ ನಿಂತು ವಕೀಲರನ್ನು ಕೇಳಿ. ಅದು ಕಾಯಂ ಗೇಣಿಯ ಜಾಗ, ಮೂಲ ಒಡೆಯರ ಹಕ್ಕು ಇತ್ಯರ್ಥವಾಗಿರಬೇಕು. ಅಳಿಯಸಂತಾನದ ಕುಟುಂಬದ ಆಸ್ತಿಯಾದರೆ ತಾಯಿಯ ಕಡೆಯ ಹಕ್ಕುದಾರರು ಮುಂಬೈ, ಗಲ್ಫ್‌ನಲ್ಲಿ ಹರಡಿರುತ್ತಾರೆ. ಒಂದು ಸಹಿ ತಪ್ಪಿದರೂ ಮುಂದೆ ದಾವೆ. ಅಲ್ಲಿಯ ವಕೀಲರನ್ನೇ ಹಿಡಿಯಿರಿ. ತುಮಕೂರಿನಲ್ಲಿ ನಮಗೆ ಪರಿಚಯವಿರುವ ವಕೀಲರು ಎಷ್ಟೇ ಜಾಣರಿರಲಿ, ಈ ಪದಗಳ ಜೊತೆ ಬೆಳೆದವರಲ್ಲ.

ಮಿಕ್ಕದ್ದು ಎಲ್ಲ ಕಡೆಯಂತೆಯೇ: ಭೂ ಪರಿವರ್ತನೆ ಆದೇಶ, ಪಂಚಾಯತಿಯ ನಮೂನೆ 9 ಮತ್ತು 11, 30 ವರ್ಷದ ಋಣಭಾರ ಪತ್ರ, ಕಟ್ಟಡ ಪರವಾನಗಿಯ ನಕ್ಷೆ. ನಕ್ಷೆ ಹಿಡಿದು ಪ್ರತಿ ಕೋಣೆಗೂ ಟೇಪು ಹಾಕಿ. ನಾನು ಮಾಡದೆ ಬಿಟ್ಟ ಕೆಲಸ ಇದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆಯನ್ನು ನೀವೇ ಹಿಡಿದು ಕಟ್ಟಬೇಕು.

## 8ನೇ ಹಂತ: ಜುಲೈನಲ್ಲಿ ಒಂದು ವಾರ ಇದ್ದು ಬನ್ನಿ

ಅದೇ ಊರಿನಲ್ಲಿ, ಸಾಧ್ಯವಾದರೆ ಅದೇ ಓಣಿಯಲ್ಲಿ ಬಾಡಿಗೆಗೆ ಇರಿ. ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ರಸ್ತೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಒಗೆದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತದೆ, ಮನೆಯಾಕೆಗೆ ಮಂಡಿನೋವು ಏರುತ್ತದೆಯೇ, ಇದೆಲ್ಲ ಆ ವಾರದಲ್ಲಿ ತಿಳಿಯುತ್ತದೆ. ಒಂದು ರಾತ್ರಿ ಜೋರು ಮಳೆಯಲ್ಲೇ ಆಸ್ಪತ್ರೆಯ ದಾರಿಯಲ್ಲಿ ಇನ್ನೊಮ್ಮೆ ಗಾಡಿ ಓಡಿಸಿ.

ಇಷ್ಟಾದ ಮೇಲೆ ಅಡ್ವಾನ್ಸ್. ಕರಾರು ಪತ್ರದಲ್ಲಿ ಎರಡು ಷರತ್ತು ಇರಲೇಬೇಕು: ಸಿಆರ್‌ಝಡ್ ಉತ್ತರ ವಿರುದ್ಧ ಬಂದರೆ, ಇಲ್ಲವೇ ದಾಖಲೆಗೂ ಕಟ್ಟಡಕ್ಕೂ ಅಳತೆ ಹೊಂದದಿದ್ದರೆ, ಇಂತಿಷ್ಟು ದಿನದಲ್ಲಿ ಪೂರ್ತಿ ಹಣ ವಾಪಸ್. ನನ್ನ ಕರಾರಿನಲ್ಲಿ ಈ ಸಾಲು ಇರಲಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ‘ಇನ್ನೊಂದು ಪಾರ್ಟಿ ನಾಳೆ ಬರುತ್ತಿದೆ’ ಎಂದು ಅವಸರ ಮಾಡಿದರೆ ಅವರಿಗೇ ಬಿಟ್ಟುಕೊಡಿ.

## 9ನೇ ಹಂತ: ನೋಂದಣಿ ಆದ ಮೇಲೆ

ಖಾತೆ ಬದಲಾವಣೆ, ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೆ ಅದೇ ತಿಂಗಳು ಅರ್ಜಿ ಕೊಡಿ. ದಕ್ಷಿಣ ಕನ್ನಡ, ಉಡುಪಿಗೆ ಮೆಸ್ಕಾಂ, ಉತ್ತರ ಕನ್ನಡಕ್ಕೆ ಹೆಸ್ಕಾಂ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಇರುವವರಾದರೆ ಸಂಬಳ ಕೊಟ್ಟು ಊರಿನವರೊಬ್ಬರನ್ನು ಗೊತ್ತು ಮಾಡಿ, ವಾರಕ್ಕೊಮ್ಮೆ ಬಾಗಿಲು ಕಿಟಕಿ ತೆರೆಸಿ. ಮುಚ್ಚಿಟ್ಟ ಮನೆಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮೇ ಕೊನೆಯೊಳಗೆ ಮಾಡಿನ ಒಡೆದ ಹಂಚು ಬದಲಿಸಿ, ಮಾಡಿನ ಮೇಲೆ ಬಾಗಿದ ತೆಂಗಿನಿಂದ ಕಾಯಿ, ಒಣಗರಿ ಇಳಿಸಿ, ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಮಡಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟಿಸಿ. 108ರವರಿಗೆ ಹೇಳಬೇಕಾದ ದಾರಿಯ ಗುರುತನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.